ಸೋರುವ ಎಲೆಕ್ಟ್ರಾನಿಗೆ ಬಲೂನಿನ ಪಾತ್ರೆ: ಬ್ಯಾರೆಲ್ ಡೇಟಾ ನೀವೇ ಓದಿ ನೋಡಿ

ಮಳೆಗಾಲದಲ್ಲಿ ಹಂಚಿನ ಮನೆ ಸೋರಲು ಶುರುವಾದರೆ ಮಲೆನಾಡಿನವರು ಆ ರಾತ್ರಿಯೇ ಮಾಡು ಹತ್ತುವುದಿಲ್ಲ. ಒಳಗೆ ಅಲ್ಲಲ್ಲಿ ಪಾತ್ರೆ ಇಡುತ್ತಾರೆ. ಬೋಗುಣಿ, ಬಕೆಟ್, ಕೈಗೆ ಸಿಕ್ಕಿದ್ದೆಲ್ಲ. ಬೆಳಗ್ಗೆ ಎದ್ದು ಯಾವುದು ತುಂಬಿದೆ, ಯಾವುದು ಒಣಗಿಯೇ ಇದೆ ಅಂತ ನೋಡಿದರೆ ಯಾವ ಹಂಚು ಒಡೆದಿದೆ ಅನ್ನುವುದು ಗೊತ್ತಾಗುತ್ತದೆ.

ಭೂಮಿಯ ಸುತ್ತ ಇರುವ ವಿಕಿರಣ ಪಟ್ಟಿಯೂ ಹೀಗೇ ಸೋರುತ್ತದೆ. ಅಲ್ಲಿಂದ ಎಲೆಕ್ಟ್ರಾನುಗಳು ಆಗಾಗ ವಾತಾವರಣಕ್ಕೆ ಸುರಿಯುತ್ತವೆ. ಎಲ್ಲಿ, ಯಾವಾಗ, ಎಷ್ಟು ಸುರಿಯುತ್ತವೆ ಅಂತ ತಿಳಿಯಲು ಕೆಳಗೆ ಪಾತ್ರೆ ಇಟ್ಟ ಯೋಜನೆಯ ಹೆಸರು ಬ್ಯಾರೆಲ್. ನಾಸಾದ ಹಣ, ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ರಾಬಿನ್ ಮಿಲನ್ ಅವರ ಮುಂದಾಳತ್ವ. 2013 ಮತ್ತು 2014ರ ಜನವರಿ-ಫೆಬ್ರವರಿಯಲ್ಲಿ ಅಂಟಾರ್ಕ್ಟಿಕಾದಿಂದ ಪ್ರತಿ ಸಲ 20 ಬಲೂನು ಹಾರಿಸಿದರು. 2015 ಮತ್ತು 2016ರಲ್ಲಿ ಸ್ವೀಡನ್ನಿನ ಕಿರುನಾದಿಂದ ಇನ್ನಷ್ಟು ಹಾರಿದವು.

ಆ ಬಲೂನುಗಳು ಕಳಿಸಿದ ಡೇಟಾ ಎಲ್ಲರಿಗೂ ಬಿಟ್ಟಿ ಸಿಗುತ್ತದೆ. ನಿಮ್ಮ ಹತ್ತಿರ ಒಂದು ಲ್ಯಾಪ್‌ಟಾಪ್, ಇಂಟರ್‌ನೆಟ್, ಪಿಯುಸಿ ಮಟ್ಟದ ಭೌತಶಾಸ್ತ್ರ ಇದ್ದರೆ ಸಾಕು. ಒಂದು ಬಲೂನಿನ ಒಂದು ದಿನವನ್ನು ತೆಗೆದುಕೊಂಡು ಅದನ್ನು ಓದುವುದು ಹೇಗೆ ಅಂತ ಇಲ್ಲಿ ಹೇಳುತ್ತೇನೆ. ಬಿಎಸ್ಸಿ, ಎಂಎಸ್ಸಿ ಓದುವವರಿಗೆ ಪ್ರಾಜೆಕ್ಟ್ ಮಾಡಲು ಇದಕ್ಕಿಂತ ಒಳ್ಳೆಯ ವಿಷಯ ಸಿಗುವುದು ಕಷ್ಟ ಅಂತ ನನ್ನ ಅನಿಸಿಕೆ.

ಮೊದಲು ಪ್ರಶ್ನೆ ಸರಿಯಾಗಿ ಹಿಡಿಯಿರಿ

ವಿಕಿರಣ ಪಟ್ಟಿ ಇದೆ ಅಂತ ಗೊತ್ತಾಗಿದ್ದು 1958ರಲ್ಲಿ. ಎಕ್ಸ್‌ಪ್ಲೋರರ್-1 ಉಪಗ್ರಹದಲ್ಲಿ ಜೇಮ್ಸ್ ವ್ಯಾನ್ ಅಲೆನ್ ಅವರ ತಂಡ ಇಟ್ಟಿದ್ದ ಗೈಗರ್ ಕೌಂಟರ್ ಅದನ್ನು ಹಿಡಿಯಿತು. ಒಳಗೊಂದು ಪಟ್ಟಿ, ಹೊರಗೊಂದು ಪಟ್ಟಿ. ನಮಗೆ ಬೇಕಾದದ್ದು ಹೊರಗಿನದು. ಭೂಮಿಯ ನಡುವಿನಿಂದ ಅಳೆದರೆ ಭೂಮಿಯ ತ್ರಿಜ್ಯದ ಸುಮಾರು 3ರಿಂದ 7 ಪಟ್ಟು ದೂರದಲ್ಲಿ ಅದು ಹರಡಿಕೊಂಡಿದೆ.

ಅಲ್ಲಿರುವ ಎಲೆಕ್ಟ್ರಾನ್ ಮೂರು ಥರ ಓಡಾಡುತ್ತದೆ. ಕಾಂತರೇಖೆಯ ಸುತ್ತ ಸುರುಳಿ ಸುತ್ತುತ್ತದೆ. ಅದೇ ರೇಖೆಯ ಮೇಲೆ ಉತ್ತರ ದಕ್ಷಿಣ ಅಂತ ಉಯ್ಯಾಲೆ ಆಡುತ್ತದೆ. ಇದರ ಜೊತೆಗೆ ನಿಧಾನವಾಗಿ ಪೂರ್ವಕ್ಕೆ ಸರಿಯುತ್ತಾ ಭೂಮಿಯನ್ನೇ ಸುತ್ತು ಹಾಕುತ್ತದೆ. ಒಂದು ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯದ್ದಕ್ಕೆ ಉಯ್ಯಾಲೆಯ ಒಂದು ಜೀಕಿಗೆ ಒಂದು ಸೆಕೆಂಡ್ ಕೂಡ ಬೇಡ. ಭೂಮಿಯನ್ನು ಒಂದು ಸುತ್ತು ಹಾಕಲು ಸುಮಾರು 10 ನಿಮಿಷ ಸಾಕು.

ಸೌರ ಬಿರುಗಾಳಿ ಬಂದಾಗ ಪಟ್ಟಿ ದಪ್ಪ ಆಗುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. 1989ರಿಂದ 2000ದವರೆಗಿನ 276 ಕಾಂತ ಬಿರುಗಾಳಿಗಳನ್ನು ಲೆಕ್ಕ ಹಾಕಿದಾಗ ಬೇರೆಯೇ ಚಿತ್ರ ಸಿಕ್ಕಿತು. ಶೇ. 53ರಲ್ಲಿ ಎಲೆಕ್ಟ್ರಾನ್ ಜಾಸ್ತಿ ಆಗಿತ್ತು. ಶೇ. 19ರಲ್ಲಿ ಕಮ್ಮಿ ಆಗಿತ್ತು. ಉಳಿದವುಗಳಲ್ಲಿ ಹೆಚ್ಚೇನೂ ಬದಲಾಗಿರಲಿಲ್ಲ. ಒಂದು ಕಡೆ ತುಂಬುತ್ತಿರುತ್ತದೆ, ಇನ್ನೊಂದು ಕಡೆ ಸೋರುತ್ತಿರುತ್ತದೆ. ಕೊನೆಗೆ ಎಷ್ಟು ಉಳಿಯುತ್ತದೆ ಅನ್ನುವುದು ಎರಡರ ಮೇಲೂ ನಿಂತಿದೆ.

ಇದು ನಮಗೆ ದೂರದ ವಿಷಯ ಅಲ್ಲವೇ ಅಲ್ಲ. ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ನೋಡಿಕೊಳ್ಳುವ ಇನ್ಸಾಟ್, ಜಿಸ್ಯಾಟ್ ಉಪಗ್ರಹಗಳು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿವೆ. ಅಂದರೆ ಹೊರಪಟ್ಟಿಯ ಅಂಚಿನಲ್ಲೇ. ಶಕ್ತಿ ಜಾಸ್ತಿ ಇರುವ ಎಲೆಕ್ಟ್ರಾನ್ ಉಪಗ್ರಹದ ಹೊದಿಕೆ ದಾಟಿ ಒಳಗಿನ ವೈರು, ಸರ್ಕ್ಯೂಟುಗಳಲ್ಲಿ ಸೇರಿಕೊಳ್ಳುತ್ತದೆ. ಒಂದು ದಿನ ಅಲ್ಲೇ ಸಿಡಿಲಿನ ಮರಿಯೊಂದು ಹೊಡೆಯುತ್ತದೆ. 1994ರ ಜನವರಿಯಲ್ಲಿ ಕೆನಡಾದ ಆನಿಕ್ ಇ-1, ಇ-2 ಉಪಗ್ರಹಗಳು ಒಂದರ ಹಿಂದೆ ಒಂದು ಕೈಕೊಟ್ಟಿದ್ದು ಹೀಗೆ.

ಈಗ ಪ್ರಶ್ನೆಗೆ ಬನ್ನಿ. ಮೇಲಿರುವ ಉಪಗ್ರಹ ‘ಎಲೆಕ್ಟ್ರಾನ್ ಕಮ್ಮಿ ಆಯಿತು’ ಅಂತ ಹೇಳುತ್ತದೆ. ಎಲ್ಲಿಗೆ ಹೋದವು? ಮೂರು ಸಾಧ್ಯತೆ ಇದೆ. ಹಗಲಿನ ಕಡೆಯ ಕಾಂತ ಗಡಿಯನ್ನು ಸೌರ ಮಾರುತ ಒಳಕ್ಕೆ ಒತ್ತಿದಾಗ ಹೊರಗೆ ಜಾರಿಹೋಗಿರಬಹುದು. ಕೆಳಗೆ ವಾತಾವರಣಕ್ಕೆ ಸುರಿದಿರಬಹುದು. ಅಥವಾ ಎಲ್ಲೂ ಹೋಗದೆ, ಕಾಂತಕ್ಷೇತ್ರ ಸಡಿಲವಾದಾಗ ಜಾಗ ಮತ್ತು ಶಕ್ತಿ ಬದಲಿಸಿಕೊಂಡು ಸುಮ್ನೆ ಆಚೀಚೆ ಸರಿದಿರಬಹುದು. ಬಿರುಗಾಳಿ ಇಳಿದ ಮೇಲೆ ಇವು ವಾಪಸ್ ಬರುತ್ತವೆ.

ಸುರಿಯುವುದನ್ನು ಮೇಲಿನಿಂದಲೇ ನೋಡಬಾರದಾ ಅಂತ ಕೇಳಬಹುದು. ಕಷ್ಟ. ಕಾಂತರೇಖೆಯ ಗುಂಟವೇ ಹೆಚ್ಚುಕಮ್ಮಿ ನೇರವಾಗಿ ಓಡುವ ಎಲೆಕ್ಟ್ರಾನ್ ಮಾತ್ರ ಕೆಳಗೆ ಬೀಳುತ್ತದೆ. ಸಮಭಾಜಕದ ಹತ್ತಿರ ನಿಂತು ನೋಡಿದರೆ ಆ ಕೋನ ಕೆಲವೇ ಡಿಗ್ರಿ. ಅಷ್ಟು ಕಿರಿದಾದ ಸಂದಿಯನ್ನು ಉಪಗ್ರಹದ ಉಪಕರಣ ಬೇರೆ ಮಾಡಿ ಅಳೆಯುವುದು ತುಂಬಾ ಕಷ್ಟ. ಅದೂ ಅಲ್ಲದೆ ಉಪಗ್ರಹ ಒಂದು ಕಡೆ ನಿಲ್ಲುವುದಿಲ್ಲ. 2012ರ ಆಗಸ್ಟ್ 30ರಂದು ಹಾರಿದ ನಾಸಾದ ಅವಳಿ ಉಪಗ್ರಹ ವ್ಯಾನ್ ಅಲೆನ್ ಪ್ರೋಬ್ಸ್ ಸುಮಾರು 9 ಗಂಟೆಗೊಂದು ಸುತ್ತು ಹಾಕುತ್ತಿದ್ದವು. ಬಲೂನಾದರೆ ಪಟ್ಟಿಯ ಬುಡದಲ್ಲಿ ಗಂಟೆಗಟ್ಟಲೆ ತೇಲುತ್ತಾ ಇರುತ್ತದೆ.

ಕ್ಯಾಲ್ಕುಲೇಟರ್ ತೆಗೆಯಿರಿ, ಜಾಗ ಹುಡುಕಿ

ಬಲೂನನ್ನು ಎಲ್ಲಿಂದ ಹಾರಿಸಬೇಕು? ಇದಕ್ಕೊಂದು ಸಣ್ಣ ಲೆಕ್ಕ ಇದೆ. ಒಂದು ಕಾಂತರೇಖೆ ಸಮಭಾಜಕದ ಮೇಲೆ ಭೂಮಿಯ ತ್ರಿಜ್ಯದ ಎಷ್ಟು ಪಟ್ಟು ದೂರ ಹೋಗುತ್ತದೋ ಆ ಸಂಖ್ಯೆಗೆ ಎಲ್ ಮೌಲ್ಯ ಅನ್ನುತ್ತಾರೆ. 1ನ್ನು ಎಲ್‌ನಿಂದ ಭಾಗಿಸಿ. ಬಂದದ್ದಕ್ಕೆ ವರ್ಗಮೂಲ ತೆಗೆಯಿರಿ. ಅದರ ವಿಲೋಮ ಕೊಸೈನ್ ಹಾಕಿ. ಆ ರೇಖೆ ನೆಲ ಮುಟ್ಟುವ ಕಾಂತ ಅಕ್ಷಾಂಶ ಸಿಗುತ್ತದೆ.

ಎಲ್ 4 ಅಂತ ಇಟ್ಟುಕೊಳ್ಳಿ. ಕಾಲು ಭಾಗದ ವರ್ಗಮೂಲ ಅರ್ಧ. ಅಂದರೆ 60 ಡಿಗ್ರಿ. ಎಲ್ 6 ಆದರೆ ಸುಮಾರು 66 ಡಿಗ್ರಿ. ಹೊರಪಟ್ಟಿ ಸೋರುವುದು ಈ ಅಕ್ಷಾಂಶಗಳಲ್ಲಿ.

ಈಗ ಬೆಂಗಳೂರು ನೋಡಿ. ನಮ್ಮ ಕಾಂತ ಅಕ್ಷಾಂಶ 10 ಡಿಗ್ರಿಯೂ ಇಲ್ಲ. ಲೆಕ್ಕ ಉಲ್ಟಾ ಮಾಡಿದರೆ ನಮ್ಮ ಮೇಲಿನ ಕಾಂತರೇಖೆ 200 ಕಿಲೋಮೀಟರ್ ಎತ್ತರಕ್ಕೂ ಏರುವುದಿಲ್ಲ ಅಂತ ಗೊತ್ತಾಗುತ್ತದೆ. ಹೊರಪಟ್ಟಿಗೂ ನಮಗೂ ಕಾಂತರೇಖೆಯ ನಂಟೇ ಇಲ್ಲ. ಹೈದರಾಬಾದಿನಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಒಳ್ಳೆಯ ಬಲೂನು ಕೇಂದ್ರ ಇದೆ. ದಶಕಗಳಿಂದ ದೊಡ್ಡ ಬಲೂನು ಹಾರಿಸುತ್ತಿದ್ದಾರೆ. ಆದರೆ ಈ ಕೆಲಸಕ್ಕೆ ಅಲ್ಲಿಂದಲೂ ಆಗುವುದಿಲ್ಲ. ಜಾಗವೇ ಬೇರೆ ಬೇಕು.

ನಮ್ಮ ಊರಿನ ಈ ಗುಣವನ್ನೇ ಹಿಂದೊಮ್ಮೆ ಉಪಯೋಗಿಸಿಕೊಂಡಿದ್ದರು. 1939-40ರ ಚಳಿಗಾಲದಲ್ಲಿ ರಾಬರ್ಟ್ ಮಿಲಿಕನ್, ವಿಕ್ಟರ್ ನೆಹರ್, ವಿಲಿಯಂ ಪಿಕರಿಂಗ್ ಅಮೆರಿಕದಿಂದ ಬಂದು ಆಗ್ರಾ, ಪೇಶಾವರ ಮತ್ತು ಬೆಂಗಳೂರಿನಿಂದ ವಿಶ್ವಕಿರಣ ಅಳೆಯುವ ಬಲೂನು ಹಾರಿಸಿದರು. ಕಾಂತ ಸಮಭಾಜಕದ ಹತ್ತಿರ ಭೂಮಿಯ ಕಾಂತಕ್ಷೇತ್ರ ಜರಡಿಯ ಹಾಗೆ ಕೆಲಸ ಮಾಡುತ್ತದೆ. ಶಕ್ತಿ ಕಮ್ಮಿ ಇರುವ ಕಣಗಳನ್ನು ಒಳಗೆ ಬಿಡುವುದಿಲ್ಲ. ಅದನ್ನು ನೋಡುವುದಕ್ಕೇ ಇಲ್ಲಿಗೆ ಬಂದಿದ್ದು. ಅದೇ ಪಿಕರಿಂಗ್ 1958ರಲ್ಲಿ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ಮುಖ್ಯಸ್ಥರಾಗಿದ್ದರು. ಎಕ್ಸ್‌ಪ್ಲೋರರ್-1 ಕಟ್ಟಿದ್ದು ಆ ಲ್ಯಾಬೊರೇಟರಿ. ಆ ಎಳೆಯನ್ನು ನೆನೆದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಬ್ಯಾರೆಲ್ ತಂಡ ಆರಿಸಿದ್ದು ಅಂಟಾರ್ಕ್ಟಿಕಾದ ಎರಡು ನೆಲೆಗಳನ್ನು. ಬ್ರಿಟನ್ನಿನ ಹ್ಯಾಲಿ ಮತ್ತು ದಕ್ಷಿಣ ಆಫ್ರಿಕಾದ ಸಾನೆ-4. ಹ್ಯಾಲಿಯ ಭೂಗೋಳದ ಅಕ್ಷಾಂಶ ಸುಮಾರು 75 ಡಿಗ್ರಿ ದಕ್ಷಿಣ. ಕಾಂತ ಅಕ್ಷಾಂಶ ಮಾತ್ರ 62ರ ಆಸುಪಾಸು. ಭೂಮಿಯ ಕಾಂತ ಧ್ರುವ ಓರೆಯಾಗಿರುವುದರಿಂದ ಹೀಗೆ. ಎಲ್ ಲೆಕ್ಕ ಹಾಕಿ ನೋಡಿ, 4.5ರ ಹತ್ತಿರ ಬರುತ್ತದೆ. ಪಟ್ಟಿಯ ಹೃದಯಕ್ಕೇ ನೇರ.

ಬಲೂನು, ಗಾಳಿ, ಪೆಟ್ಟಿಗೆ

ಮಂಗಳೂರಿನಲ್ಲಿ ಕೊಂಡ ಚಿಪ್ಸ್ ಪ್ಯಾಕೆಟ್ ಬ್ಯಾಗಿನಲ್ಲಿಟ್ಟುಕೊಂಡು ಮುಳ್ಳಯ್ಯನಗಿರಿ ಹತ್ತಿದವರಿಗೆ ಗೊತ್ತಿರುತ್ತದೆ. ತುದಿ ತಲುಪುವ ಹೊತ್ತಿಗೆ ಪ್ಯಾಕೆಟ್ ದಿಂಬಿನ ಹಾಗೆ ಉಬ್ಬಿರುತ್ತದೆ. ಹೊರಗಿನ ಒತ್ತಡ ಕಮ್ಮಿಯಾದಷ್ಟೂ ಒಳಗಿನ ಗಾಳಿ ಹಿಗ್ಗುತ್ತದೆ. 35 ಕಿಲೋಮೀಟರ್ ಮೇಲೆ ಹೋದರೆ ಹೀಲಿಯಂ ನೆಲದಲ್ಲಿದ್ದುದರ ಸುಮಾರು 150 ಪಟ್ಟು ಹಿಗ್ಗುತ್ತದೆ. ಅದಕ್ಕೇ ನೆಲದ ಮೇಲೆ ಬಲೂನಿನ ತಲೆಯಲ್ಲಿ ಒಂದು ಗುಳ್ಳೆಯಷ್ಟು ಮಾತ್ರ ಅನಿಲ ತುಂಬುತ್ತಾರೆ. ಉಳಿದ ಪ್ಲಾಸ್ಟಿಕ್ ಉದ್ದಕ್ಕೆ ಜೋತಾಡುತ್ತಿರುತ್ತದೆ. ಫೋಟೋ ನೋಡಿದವರು ಬಲೂನಿನ ಗಾಳಿ ಹೋಗಿದೆ ಅಂದುಕೊಳ್ಳುತ್ತಾರೆ. ಮೇಲೆ ಹೋದಾಗ ಅದೇ ಬಲೂನು 27 ಮೀಟರ್ ಅಗಲಕ್ಕೆ ಬೆಳೆಯುತ್ತದೆ.

ಬೇರೆ ವೈಜ್ಞಾನಿಕ ಬಲೂನುಗಳಿಗೆ ಹೋಲಿಸಿದರೆ ಇದು ಚಿಕ್ಕದು. ಹೊರುವ ಭಾರ 20 ಕೆಜಿ ಆಸುಪಾಸು. ಕ್ರೇನು ಬೇಡ, ದೊಡ್ಡ ವಾಹನ ಬೇಡ. ಕೆಲವೇ ಜನ, ಅವರಲ್ಲಿ ವಿದ್ಯಾರ್ಥಿಗಳೂ ಸೇರಿ, ಹಿಮದ ಮೇಲೆ ನಿಂತು ಕೈಯಾರೆ ಬಿಡಬಹುದು. ಒಂದೇ ದುಬಾರಿ ಬಲೂನಿನ ಬದಲು ಅಗ್ಗದ ಇಪ್ಪತ್ತು ಕಟ್ಟಿದ್ದೇ ಈ ಯೋಜನೆಯ ಜಾಣತನ ಅಂತ ನಾನು ನಂಬಿದ್ದೇನೆ.

ಕಾರಣ ಹೇಳುತ್ತೇನೆ. 1996ರ ಆಗಸ್ಟಿನಲ್ಲಿ ಕಿರುನಾದ ಮೇಲೆ ತೇಲುತ್ತಿದ್ದ ಒಂದು ಬಲೂನು, ಬೀಳುವ ಎಲೆಕ್ಟ್ರಾನ್ ಗಾಳಿಗೆ ಬಡಿದಾಗ ಹುಟ್ಟುವ ತುಂಬಾ ಶಕ್ತಿಯ ಎಕ್ಸ್‌ರೇ ಸಿಡಿತಗಳನ್ನು ಕಂಡಿತು. 2000ದ ಜನವರಿಯಲ್ಲಿ ಅಂಟಾರ್ಕ್ಟಿಕಾದಲ್ಲಿ ಹಾರಿದ ಮ್ಯಾಕ್ಸಿಸ್ ಬಲೂನು ಅಂಥದ್ದೇ ಒಂಬತ್ತನ್ನು ಕಂಡಿತು. ಎಲ್ಲವೂ ಇಳಿಮಧ್ಯಾಹ್ನದಿಂದ ನಡುರಾತ್ರಿಯ ಒಳಗಿನ ಕಾಂತ ಸಮಯದಲ್ಲಿ. ಕಾಂತ ಸಮಯ ಅಂದರೆ ಕಾಂತ ಧ್ರುವವನ್ನು ನಡುವಾಗಿಟ್ಟು, ಸೂರ್ಯನ ಕಡೆ ಮಧ್ಯಾಹ್ನ, ಎದುರು ಕಡೆ ನಡುರಾತ್ರಿ ಅಂತ ಲೆಕ್ಕ ಹಾಕುವ ಗಂಟೆ. ಆದರೆ ಬಲೂನು ಒಂದೇ. ಎಕ್ಸ್‌ರೇ ನಿಂತಾಗ ಸೋರುವುದು ನಿಂತಿತಾ, ಅಥವಾ ಸೋರುವ ಜಾಗದಿಂದ ಬಲೂನು ಆಚೆ ಹೋಯಿತಾ? ಒಂದೇ ಪಾತ್ರೆ ಇಟ್ಟವರಿಗೆ ಇದು ಗೊತ್ತಾಗುವುದೇ ಇಲ್ಲ.

ಅಂಟಾರ್ಕ್ಟಿಕಾದ ಬೇಸಿಗೆಯಲ್ಲಿ ಮೇಲಿನ ಗಾಳಿ ಧ್ರುವದ ಸುತ್ತ ಪಶ್ಚಿಮಕ್ಕೆ ಬೀಸುತ್ತದೆ. ಒಂದೆರಡು ದಿನಕ್ಕೊಂದರಂತೆ ಬಿಡುತ್ತಾ ಹೋದರೆ ಬಲೂನುಗಳು ಸಾಲಾಗಿ ಹರಡಿಕೊಳ್ಳುತ್ತವೆ. 24 ಗಂಟೆಯೂ ಸೂರ್ಯ ಇರುವುದರಿಂದ ಸೋಲಾರ್ ಪ್ಯಾನೆಲ್ಲಿಗೆ ಕರೆಂಟ್ ಸಿಗುತ್ತದೆ, ಹೀಲಿಯಂ ತಣ್ಣಗಾಗಿ ಬಲೂನು ಕುಸಿಯುವುದೂ ಕಮ್ಮಿ.

ಪೆಟ್ಟಿಗೆಯೊಳಗೆ ಮುಖ್ಯವಾಗಿ ಇರುವುದು ಮೂರು ಇಂಚು ಅಗಲ, ಮೂರು ಇಂಚು ಉದ್ದದ ಸೋಡಿಯಂ ಅಯೋಡೈಡ್ ಹರಳು. ಎಕ್ಸ್‌ರೇ ಬಿದ್ದರೆ ಅದು ಮಿನುಗುತ್ತದೆ. ಮಿನುಗನ್ನು ಫೋಟೋಮಲ್ಟಿಪ್ಲಯರ್ ಟ್ಯೂಬ್ ಎಣಿಸುತ್ತದೆ. ಜೊತೆಗೆ ಮ್ಯಾಗ್ನೆಟೋಮೀಟರ್, ಜಿಪಿಎಸ್, ಮತ್ತು ಡೇಟಾ ಕಳಿಸಲು ಇರಿಡಿಯಂ ಉಪಗ್ರಹ ಫೋನಿನ ಮೋಡೆಮ್. ಪೆಟ್ಟಿಗೆ ಎಲ್ಲೋ ಹಿಮದಲ್ಲಿ ಬಿದ್ದು ಸಿಗದೇ ಹೋದರೂ ಡೇಟಾ ಅಷ್ಟು ಹೊತ್ತಿಗೆ ಮನೆ ಸೇರಿರುತ್ತದೆ.

ಎಲೆಕ್ಟ್ರಾನನ್ನೇ ಯಾಕೆ ಹಿಡಿಯುವುದಿಲ್ಲ? ಅದು ಬಲೂನಿನವರೆಗೆ ಬರುವುದೇ ಇಲ್ಲ. ಸುಮಾರು 50ರಿಂದ 100 ಕಿಲೋಮೀಟರ್ ಎತ್ತರದಲ್ಲೇ ಗಾಳಿಗೆ ಬಡಿದು ನಿಂತುಬಿಡುತ್ತದೆ. ಹಾಗೆ ಬ್ರೇಕ್ ಬಿದ್ದಾಗ ಅದರ ಶಕ್ತಿಯ ಸಣ್ಣ ಪಾಲು ಎಕ್ಸ್‌ರೇ ಆಗಿ ಕೆಳಗೆ ಬರುತ್ತದೆ. ನಮಗೆ ಸಿಗುವುದು ಅದು. ತಲೆಯ ಮೇಲಿನ ನೂರು ಕಿಲೋಮೀಟರ್ ಆಸುಪಾಸಿನ ಆಕಾಶದಿಂದ ಬಂದದ್ದೆಲ್ಲ ಒಂದೇ ಹರಳಿಗೆ ಬೀಳುತ್ತದೆ.

ಡೇಟಾ ಇಳಿಸಿಕೊಳ್ಳುವುದು

ಎರಡು ದಾರಿ ಇದೆ. ಪ್ರೋಗ್ರಾಮಿಂಗ್ ಬಾರದವರು ನಾಸಾದ ಸಿಡಿಎವೆಬ್ ತಾಣಕ್ಕೆ ಹೋಗಿ ಬ್ಯಾರೆಲ್ ಆರಿಸಿ. ದಿನಾಂಕ ಕೊಟ್ಟರೆ ಗ್ರಾಫ್ ಅಲ್ಲೇ ಬರುತ್ತದೆ. ಪೈಥಾನ್ ಸ್ವಲ್ಪ ಬರುವವರು ಪೈಸ್ಪೆಡಾಸ್ ಎಂಬ ಲೈಬ್ರರಿ ಹಾಕಿಕೊಳ್ಳಿ. ಅದರಲ್ಲಿ ಬ್ಯಾರೆಲ್‌ಗೇ ಒಂದು ಭಾಗ ಇದೆ. ಬಲೂನಿನ ಹೆಸರು ಮತ್ತು ದಿನಾಂಕ ಕೊಟ್ಟರೆ ಕಡತ ತಾನೇ ಇಳಿಯುತ್ತದೆ.

ಬಲೂನಿನ ಹೆಸರು ಸುಲಭ. 1ಎ, 2ಕೆ ಹೀಗೆ. ಮೊದಲ ಅಂಕಿ ಎಷ್ಟನೇ ಅಭಿಯಾನ ಅಂತ, ಅಕ್ಷರ ಯಾವ ಬಲೂನು ಅಂತ ಹೇಳುತ್ತದೆ.

ಎಕ್ಸ್‌ರೇ ಡೇಟಾ ಮೂರು ರೂಪದಲ್ಲಿದೆ. ನಿಧಾನದ್ದು 32 ಸೆಕೆಂಡಿಗೊಮ್ಮೆ 256 ಶಕ್ತಿ ಮನೆಗಳಲ್ಲಿ, ಅಂದರೆ ಶಕ್ತಿಗೆ ತಕ್ಕಂತೆ ಬೇರೆ ಮಾಡಿದ ಚಾನೆಲ್‌ಗಳಲ್ಲಿ, ಎಣಿಸುತ್ತದೆ. ಮಧ್ಯಮದ್ದು 4 ಸೆಕೆಂಡಿಗೊಮ್ಮೆ 48 ಮನೆಗಳಲ್ಲಿ. ವೇಗದ್ದು 50 ಮಿಲಿಸೆಕೆಂಡಿಗೊಮ್ಮೆ, ಆದರೆ ಕೆಲವೇ ಮನೆಗಳಲ್ಲಿ. ಮೊದಲ ದಿನ ವೇಗದ್ದನ್ನು ಮುಟ್ಟಬೇಡಿ. ಕಡತ ದೊಡ್ಡದು, ಗದ್ದಲ ಜಾಸ್ತಿ, ಬೇಜಾರಾಗಿ ಬಿಟ್ಟುಬಿಡುತ್ತೀರಿ. ನಿಧಾನದ್ದರಿಂದ ಶುರು ಮಾಡಿ. ಬಲೂನು ಎಲ್ಲಿತ್ತು ಅಂತ ಹೇಳುವ ಕಡತವನ್ನೂ ಜೊತೆಗೇ ಇಳಿಸಿಕೊಳ್ಳಿ. ಅದರಲ್ಲಿ ಎತ್ತರ, ಎಲ್ ಮೌಲ್ಯ, ಕಾಂತ ಸಮಯ ಎಲ್ಲ ಇರುತ್ತದೆ. ಎಲ್ ಅನ್ನು ಕಾಂತಕ್ಷೇತ್ರ ಶಾಂತವಾಗಿದ್ದಾಗ ಒಂದು, ಕಲಕಿದ್ದಾಗ ಇನ್ನೊಂದು ಅಂತ ಎರಡು ಥರ ಕೊಟ್ಟಿದ್ದಾರೆ. ಎರಡನ್ನೂ ನೋಡಿ.

ಕಲಿಯಲು ಒಳ್ಳೆಯ ದಿನ 2013ರ ಜನವರಿ 17. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಒಂದು ಎಚ್ಚರಿಕೆ. ಡೇಟಾದ ಗಡಿಯಾರ ವಿಶ್ವ ಸಮಯದಲ್ಲಿದೆ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ನಾನು ಮೊದಲ ಸಲ ಗ್ರಾಫ್ ಹಾಕಿದಾಗ ಲ್ಯಾಪ್‌ಟಾಪ್ ಸಮಯವನ್ನು ಭಾರತದ್ದಕ್ಕೆ ಬದಲಿಸಿಬಿಟ್ಟಿತ್ತು. ಉಪಗ್ರಹದ ಡೇಟಾ ವಿಶ್ವ ಸಮಯದಲ್ಲೇ ಇತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ಎರಡು ದಿನ ತಲೆ ಕೆಡಿಸಿಕೊಂಡೆ. ಅಲೆ ಒಂದು ಹೊತ್ತಿಗೆ, ಎಕ್ಸ್‌ರೇ ಇನ್ನೊಂದು ಹೊತ್ತಿಗೆ. ನಡುವಿನ ಅಂತರ ಸರಿಯಾಗಿ ಐದೂವರೆ ಗಂಟೆ ಅಂತ ಕಂಡಾಗಲೇ ಗೊತ್ತಾಗಿದ್ದು. ನೀವು ಶುರುವಿನಲ್ಲೇ ಎಲ್ಲವನ್ನೂ ವಿಶ್ವ ಸಮಯಕ್ಕೆ ಕಟ್ಟಿಹಾಕಿ.

ಮೊದಲು ಎತ್ತರ ನೋಡಿ, ಆಮೇಲೆ ಎಕ್ಸ್‌ರೇ

ಗ್ರಾಫಿನಲ್ಲಿ ಮೇಲೆ ಎತ್ತರ, ಕೆಳಗೆ ಎಕ್ಸ್‌ರೇ ಎಣಿಕೆ ಇಡಿ. ಬಲೂನು ಏರುವಾಗ ಎಣಿಕೆ ಮೊದಲು ಹೆಚ್ಚುತ್ತದೆ, ಸುಮಾರು 20 ಕಿಲೋಮೀಟರ್ ಹತ್ತಿರ ಶಿಖರ ಮುಟ್ಟುತ್ತದೆ, ಆಮೇಲೆ ಮೆಲ್ಲಗೆ ಇಳಿಯುತ್ತದೆ. ಇದು ವಿಶ್ವಕಿರಣ ಗಾಳಿಗೆ ಬಡಿದು ಹುಟ್ಟಿದ ಕಣಗಳ ಗದ್ದಲ. ವಿಕಿರಣ ಪಟ್ಟಿಗೂ ಇದಕ್ಕೂ ಸಂಬಂಧ ಇಲ್ಲ. ಬಲೂನು ತೇಲುವ ಎತ್ತರಕ್ಕೆ ಬಂದ ಮೇಲಷ್ಟೇ ನಿಮ್ಮ ಕೆಲಸ ಶುರು.

ಅಲ್ಲಿಯೂ ಎತ್ತರ ಒಂದೇ ಥರ ಇರುವುದಿಲ್ಲ. ಸೂರ್ಯ ದಿಗಂತಕ್ಕೆ ಇಳಿದಾಗ ಬಲೂನು ಕೆಲವು ಕಿಲೋಮೀಟರ್ ಕೆಳಗೆ ಬರುತ್ತದೆ. ಕೆಳಗೆ ಬಂದಾಗ ಎರಡು ಬದಲಾವಣೆ ಒಟ್ಟಿಗೇ ಆಗುತ್ತವೆ. ವಿಶ್ವಕಿರಣದ ಗದ್ದಲ ಹೆಚ್ಚುತ್ತದೆ. ಮೇಲಿನಿಂದ ಬರುವ ಎಕ್ಸ್‌ರೇ ಹೆಚ್ಚು ಗಾಳಿ ದಾಟಬೇಕಾಗಿ ಬಂದು ಕಮ್ಮಿಯಾಗುತ್ತದೆ. ಎತ್ತರ ನೋಡದೆ ಎಣಿಕೆ ಮಾತ್ರ ನೋಡಿದವರು ಇಲ್ಲದ ಘಟನೆಯನ್ನು ಇದೆ ಅಂತ ಬರೆದುಕೊಳ್ಳುತ್ತಾರೆ.

ಅದಕ್ಕೆ ಹಿನ್ನೆಲೆ ಕಳೆಯುವಾಗ ಒಂದು ಕ್ರಮ ಇಟ್ಟುಕೊಳ್ಳಿ. ಘಟನೆಗೆ ಹತ್ತಿರದ, ಶಾಂತವಾದ, ಬಲೂನು ಅದೇ ಎತ್ತರದಲ್ಲಿದ್ದ ಒಂದು ಹೊತ್ತನ್ನು ಆರಿಸಿ. ಅದರ ಸರಾಸರಿಯನ್ನು ಕಳೆಯಿರಿ.

ಈಗ ಒಂದು ನಿಧಾನ ಸ್ಪೆಕ್ಟ್ರಮ್ ತೆರೆಯಿರಿ. 511 ಕಿಲೋ ಎಲೆಕ್ಟ್ರಾನ್ ವೋಲ್ಟ್ ಹತ್ತಿರ ಒಂದು ಸಣ್ಣ ಗುಬ್ಬಿ ಎದ್ದಿರುತ್ತದೆ. ವಿಶ್ವಕಿರಣದಿಂದ ಹುಟ್ಟಿದ ಪಾಸಿಟ್ರಾನ್ ಎಲೆಕ್ಟ್ರಾನಿಗೆ ಸಿಕ್ಕಿ ಎರಡೂ ಇಲ್ಲವಾಗುವಾಗ ಬರುವ ಕಿರಣ ಇದು. ದಿನವಿಡೀ ಇರುತ್ತದೆ. ಬಿಸಿಲು ಚಳಿಗೆ ಹರಳಿನ ಬೆಳಕು, ಟ್ಯೂಬಿನ ಎಣಿಕೆ ಎಲ್ಲ ಸ್ವಲ್ಪ ಅಲ್ಲಾಡುತ್ತಿರುತ್ತದೆ. ಈ ಗುಬ್ಬಿ ಮಾತ್ರ ಎಲ್ಲಿರಬೇಕು ಅಂತ ನಮಗೆ ಮೊದಲೇ ಗೊತ್ತು. ಅದು ಪಕ್ಕಕ್ಕೆ ಸರಿದಿದ್ದರೆ ಅಳತೆಪಟ್ಟಿಯೇ ಸರಿದಿದೆ ಅಂತ ಅರ್ಥ. ಸಂತೆಯಲ್ಲಿ ತಕ್ಕಡಿ ನೋಡಲು ಒಂದು ಕೆಜಿ ಕಲ್ಲು ಇಟ್ಟ ಹಾಗೆ.

ಮೋಸ ಮಾಡುವ ಉಬ್ಬುಗಳು

ಎಣಿಕೆ ಏರಿತು ಅಂದ ಮಾತ್ರಕ್ಕೆ ಪಟ್ಟಿ ಸೋರಿತು ಅಂತ ಅಲ್ಲ. 2014ರ ಜನವರಿ 7 ಇದಕ್ಕೆ ಒಳ್ಳೆಯ ಪಾಠ. ಅಂದು ಸೂರ್ಯನಲ್ಲಿ ಎಕ್ಸ್-1.2 ದರ್ಜೆಯ ಜ್ವಾಲೆ ಎದ್ದಿತು. ಆಮೇಲೆ ಸೂರ್ಯನಿಂದಲೇ ಹೊರಟ ಎಲೆಕ್ಟ್ರಾನು, ಪ್ರೋಟಾನುಗಳು ಧ್ರುವದ ಕಡೆ ಸುರಿದವು. ಬಲೂನುಗಳು ಅದನ್ನೂ ಎಣಿಸಿದವು. ಅದು ನಮ್ಮ ಹಂಚು ಸೋರಿದ್ದಲ್ಲ, ಕಿಟಕಿಯಿಂದ ಎರಚಲು ಹೊಡೆದದ್ದು.

ಬೇರೆ ಮಾಡುವುದು ಹೇಗೆ? ಪಕ್ಕದ ಬಲೂನುಗಳನ್ನು ಕೇಳಿ. ಬಿಸಿಲಿನಲ್ಲಿರುವ ಎಲ್ಲ ಬಲೂನುಗಳೂ ಒಂದೇ ನಿಮಿಷಕ್ಕೆ ಜಿಗಿದರೆ ಜ್ವಾಲೆ ಅಂತ ಅನುಮಾನಿಸಿ, ಅಮೆರಿಕದ ಗೋಸ್ ಹವಾಮಾನ ಉಪಗ್ರಹದ ಸೌರ ಎಕ್ಸ್‌ರೇ ಡೇಟಾ ಜೊತೆ ತಾಳೆ ನೋಡಿ. ಎಣಿಕೆ ಮೆಲ್ಲಗೆ ಏರಿ ಗಂಟೆಗಟ್ಟಲೆ, ದಿನಗಟ್ಟಲೆ ಹಾಗೇ ಇದ್ದರೆ ಅದೇ ಉಪಗ್ರಹದ ಪ್ರೋಟಾನ್ ಡೇಟಾ ನೋಡಿ. ಒಂದೆರಡು ಬಲೂನು ಮಾತ್ರ ಕಂಡು, ಅವುಗಳ ಎಲ್ ಪಟ್ಟಿಯೊಳಗೇ ಇದ್ದು, ಎತ್ತರ ಅಲ್ಲಾಡದಿದ್ದರೆ ನೀವು ಸೋರಿಕೆಯನ್ನೇ ನೋಡುತ್ತಿರುವ ಸಾಧ್ಯತೆ ಜಾಸ್ತಿ.

ಬಲೂನು ತೇಲುತ್ತಾ ಧ್ರುವದ ಕಡೆ ಹೋಗಿ ಎಲ್ ತುಂಬಾ ದೊಡ್ಡದಾಗಿದ್ದರೆ ಆ ಹೊತ್ತಿನ ಡೇಟಾ ಬದಿಗಿಡಿ. ಅಲ್ಲಿನ ಕಾಂತರೇಖೆಗಳು ಪಟ್ಟಿಯನ್ನು ಹಾದುಹೋಗುವುದೇ ಇಲ್ಲ.

ಎಕ್ಸ್‌ರೇಯಿಂದ ಎಲೆಕ್ಟ್ರಾನಿಗೆ

ಇಲ್ಲಿ ಅವಸರ ಬೇಡ. ಒಂದೇ ಶಕ್ತಿಯ ಎಲೆಕ್ಟ್ರಾನ್ ನಿಂತಾಗ ಬೇರೆ ಬೇರೆ ಶಕ್ತಿಯ ಎಕ್ಸ್‌ರೇ ಹೊರಡುತ್ತದೆ. ಹಾಗಾಗಿ ಎಕ್ಸ್‌ರೇಯಿಂದ ಹಿಂದಕ್ಕೆ ಲೆಕ್ಕ ಹಾಕಿ ಎಲೆಕ್ಟ್ರಾನ್ ಹುಡುಕುವುದು ತೊಡಕಿನ ಕೆಲಸ. ಸಂಶೋಧಕರು ಉಲ್ಟಾ ದಾರಿ ಹಿಡಿಯುತ್ತಾರೆ. ಎಲೆಕ್ಟ್ರಾನ್ ಹೀಗಿರಬಹುದು ಅಂತ ಊಹಿಸಿ, ಗಾಳಿ ದಾಟಿ ಹರಳಿನಲ್ಲಿ ಏನು ಕಾಣಬೇಕು ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ನಿಜವಾದ ಡೇಟಾ ಜೊತೆ ಹೋಲಿಸುತ್ತಾರೆ. ಹೊಂದಲಿಲ್ಲ ಅಂದರೆ ಊಹೆ ಬದಲಿಸುತ್ತಾರೆ.

ನೀವು ಮೊದಲಿಗೆ ಒಂದು ಸರಳ ನಿಯಮ ಇಟ್ಟುಕೊಳ್ಳಿ. ಎಕ್ಸ್‌ರೇಯ ಶಕ್ತಿ ಎಷ್ಟಿದೆಯೋ ಎಲೆಕ್ಟ್ರಾನಿನ ಶಕ್ತಿ ಕನಿಷ್ಠ ಅಷ್ಟಿರಲೇಬೇಕು. ಉಬ್ಬು ಸುಮಾರು 180 ಕಿಲೋ ಎಲೆಕ್ಟ್ರಾನ್ ವೋಲ್ಟಿನ ಕೆಳಗೆ ಮಾತ್ರ ಕಂಡರೆ ಬಿದ್ದವುಗಳಲ್ಲಿ ಶಕ್ತಿ ಕಮ್ಮಿ ಇರುವ ಮೆದು ಎಲೆಕ್ಟ್ರಾನೇ ಹೆಚ್ಚು. 500 ದಾಟಿ, 1000ದ ಹತ್ತಿರವೂ ಕಂಡರೆ ಉಪಗ್ರಹಗಳಿಗೆ ತೊಂದರೆ ಕೊಡುವ ಗಟ್ಟಿ ಎಲೆಕ್ಟ್ರಾನ್‌ಗಳೇ ಬೀಳುತ್ತಿವೆ.

ತಳ್ಳಿದ್ದು ಯಾವ ಅಲೆ?

ವರ್ಷಗಟ್ಟಲೆ ಉಯ್ಯಾಲೆ ಆಡಬಹುದಾದ ಎಲೆಕ್ಟ್ರಾನ್ ಇದ್ದಕ್ಕಿದ್ದಂತೆ ಯಾಕೆ ಬೀಳುತ್ತದೆ? ಯಾವುದೋ ವಿದ್ಯುತ್ಕಾಂತ ಅಲೆ ಅದರ ಓಟದ ಕೋನವನ್ನು ಸ್ವಲ್ಪ ತಿರುಗಿಸಿರುತ್ತದೆ. ಹಲವು ಬಗೆಯ ಅಲೆಗಳಿವೆ. ಒಂದೊಂದಕ್ಕೂ ಒಂದೊಂದು ಜಾಗ, ಒಂದೊಂದು ಹೊತ್ತು.

ಎಮಿಕ್ ಅನ್ನುವ ಅಲೆ ಮಧ್ಯಾಹ್ನದಿಂದ ಸಂಜೆಯ ಕಡೆ ಹೆಚ್ಚು. ಗಟ್ಟಿ ಎಲೆಕ್ಟ್ರಾನನ್ನು ತಳ್ಳುತ್ತದೆ. 1996 ಮತ್ತು 2000ದ ಬಲೂನುಗಳು ಕಂಡ ಸಿಡಿತಗಳಿಗೆ ಇದೇ ಕಾರಣ ಇರಬಹುದು ಅಂತ ಅನುಮಾನ ಮೂಡಿದ್ದು ಆ ಹೊತ್ತಿನಿಂದಲೇ. 2013ರ ಜನವರಿ 17ರಂದು ಬ್ಯಾರೆಲ್ ಬಲೂನು ಗಟ್ಟಿ ಎಲೆಕ್ಟ್ರಾನ್ ಸುರಿಯುವುದನ್ನು ಕಂಡಾಗ ಅದೇ ವಲಯದಲ್ಲಿದ್ದ ಗೋಸ್-13 ಉಪಗ್ರಹ ಎಮಿಕ್ ಅಲೆಯನ್ನು ಕಂಡಿತ್ತು. ಅಲೆಯ ಅಳತೆ ಹಾಕಿ ಲೆಕ್ಕ ಮಾಡಿದಾಗ ಬಲೂನಿನ ಎಕ್ಸ್‌ರೇ ಜೊತೆ ಚೆನ್ನಾಗಿ ಹೊಂದಿತು. ಆ ದಿನವನ್ನು ಕಲಿಯಲು ಹೇಳಿದ್ದು ಇದಕ್ಕೇ.

ಕೋರಸ್ ಅನ್ನುವ ಅಲೆ ಬೆಳಗಿನ ಕಡೆ. ಇದು ಎಲೆಕ್ಟ್ರಾನನ್ನು ಚಿಟಿಕೆ ಹೊಡೆದಷ್ಟು ಹೊತ್ತಿನ ಸಿಡಿತಗಳಲ್ಲಿ ಬೀಳಿಸುತ್ತದೆ. ಆಗ ವೇಗದ ಡೇಟಾ ತೆರೆಯಲೇಬೇಕು, 32 ಸೆಕೆಂಡಿನದ್ದರಲ್ಲಿ ಇವು ಕಾಣುವುದಿಲ್ಲ.

ಹಿಸ್ ಅನ್ನುವುದು ಇನ್ನೊಂದು. ಒಳಗಿನ ತಣ್ಣನೆಯ ಪ್ಲಾಸ್ಮಾದಲ್ಲಿ ಸದಾ ಇರುವ ಮೆಲು ಅಲೆ. 2014ರ ಜನವರಿಯ ಶುರುವಿನಲ್ಲಿ ಬ್ಯಾರೆಲ್ ಬಲೂನುಗಳ ಎಕ್ಸ್‌ರೇ ಮತ್ತು ವ್ಯಾನ್ ಅಲೆನ್ ಪ್ರೋಬ್ಸ್ ಕಂಡ ಹಿಸ್ ಒಟ್ಟೊಟ್ಟಿಗೆ ಏರಿಳಿದವು. ಕೆಲವೇ ನಿಮಿಷಗಳ ಲಯ. ದೂರ ದೂರ ಇದ್ದ ಬಲೂನುಗಳಲ್ಲೂ ಅದೇ ಲಯ. ಒಂದು ಮೂಲೆಯ ಹನಿ ಅಂದುಕೊಂಡಿದ್ದು ಇಡೀ ಮಾಡಿನ ಮೇಲೆ ತಾಳ ಹಾಕುತ್ತಿತ್ತು. ಆ ಎರಡು ಗೆರೆಗಳನ್ನು ಒಂದರ ಮೇಲೊಂದು ಇಟ್ಟು ನೀವೇ ನೋಡಿ. ಸಾವಿರಾರು ಕಿಲೋಮೀಟರ್ ಮೇಲಿನ ಅಲೆಯನ್ನು ಹಿಮದ ಮೇಲೆ ತೇಲುವ ಪ್ಲಾಸ್ಟಿಕ್ ಚೀಲದ ಕೆಳಗಿನ ಒಂದು ಹರಳು ಕೇಳಿಸಿಕೊಂಡಿದೆ.

ಮೇಲೆ ಹೇಳಿದ ‘ಒಂದೆರಡು ಬಲೂನು ಮಾತ್ರ ಕಂಡರೆ ಸೋರಿಕೆ’ ಅನ್ನುವುದನ್ನು ಕುರುಡಾಗಿ ಹಿಡಿಯಬಾರದು ಅನ್ನುವುದಕ್ಕೂ ಇದೇ ಉದಾಹರಣೆ. ಎಲ್ಲರೂ ಒಟ್ಟಿಗೆ ಕಂಡಾಗ ಸೂರ್ಯನ ಡೇಟಾ ನೋಡಿ, ಅಲ್ಲಿ ಏನೂ ಇಲ್ಲದಿದ್ದರೆ ಅಲೆಗಳ ಡೇಟಾ ತೆರೆಯಿರಿ.

ಎಷ್ಟು ಸೋರಿತು?

ಕೊನೆಯ ಲೆಕ್ಕ ಇದು. ಒಂದು ಬಲೂನಿನ ಮೇಲಿಂದ ಸೆಕೆಂಡಿಗೆ ಎಷ್ಟು ಬಿತ್ತು ಅಂತ ಸಿಕ್ಕರೂ ಒಟ್ಟು ಎಷ್ಟು ಅಂತ ಹೇಳಲು ಸೋರುವ ಜಾಗದ ಅಗಲ ಬೇಕು, ಹೊತ್ತು ಬೇಕು.

ಅಗಲವನ್ನು ಎರಡು ಕಡೆಯಿಂದ ಹಿಡಿಯಿರಿ. ಒಂದೇ ಹೊತ್ತಿಗೆ ಸೋರಿಕೆ ಕಂಡ ಎರಡು ಬಲೂನುಗಳ ನಡುವಿನ ಅಂತರ ಕನಿಷ್ಠ ಅಗಲ. ಆಚೆ ಈಚೆ ಏನೂ ಕಾಣದ ಬಲೂನುಗಳ ನಡುವಿನ ಅಂತರ ಗರಿಷ್ಠ ಅಗಲ. ನಿಜವಾದದ್ದು ನಡುವೆ ಎಲ್ಲೋ ಇದೆ. ಇದನ್ನು ಕಿಲೋಮೀಟರಿನಲ್ಲಿ ಬರೆಯುವುದಕ್ಕಿಂತ ಕಾಂತ ಸಮಯದ ಗಂಟೆಗಳಲ್ಲಿ ಮತ್ತು ಎಲ್‌ನಲ್ಲಿ ಬರೆಯುವುದು ಒಳ್ಳೆಯದು. ಆಗ ಮೇಲಿನ ಉಪಗ್ರಹದ ಡೇಟಾ ಜೊತೆ ನೇರವಾಗಿ ಹೋಲಿಸಬಹುದು. ಹೊತ್ತಿನ ವಿಷಯದಲ್ಲಿ ಆ 10 ನಿಮಿಷದ ಸುತ್ತನ್ನು ಮರೆಯಬೇಡಿ. ಸೋರುವ ತೂತು ಚಿಕ್ಕದೇ ಇದ್ದರೂ ಗಂಟೆಗಟ್ಟಲೆ ತೆರೆದಿದ್ದರೆ ಪಟ್ಟಿಯ ಎಲೆಕ್ಟ್ರಾನುಗಳು ಅದರ ಮೇಲಿಂದ ಮತ್ತೆ ಮತ್ತೆ ಹಾದುಹೋಗುತ್ತವೆ. ಒಂದು ಸಣ್ಣ ತೂತು ಇಡೀ ಪಟ್ಟಿಯನ್ನು ತೆಳುವಾಗಿಸಬಲ್ಲದು.

ಒಂದು ನೋಟ್‌ಬುಕ್ ಇಟ್ಟುಕೊಂಡು ಪ್ರತಿ ಘಟನೆಗೂ ಬಲೂನಿನ ಹೆಸರು, ವಿಶ್ವ ಸಮಯ, ಎತ್ತರ, ಎಲ್, ಕಾಂತ ಸಮಯ, ಅತಿ ಹೆಚ್ಚಿನ ಎಕ್ಸ್‌ರೇ ಶಕ್ತಿ ಬರೆಯಿರಿ. ಆ ಹೊತ್ತಿಗೆ ಗಾಳಿಯಲ್ಲಿದ್ದೂ ಏನನ್ನೂ ಕಾಣದ ಬಲೂನುಗಳ ಹೆಸರಿಗೂ ಒಂದು ಕಾಲಂ ಬಿಡಿ. ಗರಿಷ್ಠ ಅಗಲದ ಲೆಕ್ಕ ನಿಂತಿರುವುದು ಆ ಒಣ ಪಾತ್ರೆಗಳ ಮೇಲೆ.